ಎರಡನೆಯ ಉಂಡೆ

॥ ಶ್ರೀ ॥

ಕ್ಯಾರಲ್ಟನ್
ಡ್ಯಾಲಸ್
೩೦ ನವೆಂಬರ್ ೨೦೨೫

ಚಿ. ಶರ್ವಾಣಿಗೆ ಅವ್ವನ ಆಶೀರ್ವಾದ.

ಕಾಗದದ ಮೊದಲಿಗೆ ‘ನಾವೆಲ್ಲ ಕ್ಷೇಮ’ ಎಂದು ಬರೆಯಬೇಕೆಂದು ನಮ್ಮೂರ ಶಾಲೆಯ ಮಾಸ್ತರರು ಕಲಿಸಿದ್ದರು. ಇವತ್ತು ಹಾಗೆ ಬರೆಯಲು ಕೈ ಬರಲಿಲ್ಲ. ಶುಕ್ರವಾರದಿಂದ ನೀನು ನನ್ನ ಫೋನ್ ಎತ್ತುತ್ತಿಲ್ಲ. ನಿಮ್ಮಪ್ಪನ ಫೋನಿನಲ್ಲಿ ನಿನ್ನ ವಿಳಾಸ ಹುಡುಕಿ ಅಂಚೆಗೆ ಹಾಕುತ್ತಿದ್ದೇನೆ. ಫೋನನ್ನು ನೀನು ಒತ್ತಿ ಬಂದ್ ಮಾಡಬಹುದು. ಕಾಗದವನ್ನು ಓದದೆ ಒಗೆದರೂ ಅದು ಮನೆಯೊಳಗೆ ಬಂದೇ ಬರುತ್ತದೆ.

ಆವತ್ತು ನನ್ನ ಕಣ್ಣಿಗೆ ಬಿದ್ದದ್ದನ್ನು ಬಿದ್ದ ಹಾಗೆ ಬರೆಯುತ್ತೇನೆ, ಕೇಳು.

ಹೇಳದೆ ಬಂದಿರಿ ಎಂದು ನಿನ್ನ ಸಿಟ್ಟು. ಹೌದು, ಹೇಳಲಿಲ್ಲ. ಥ್ಯಾಂಕ್ಸ್‌ಗಿವಿಂಗ್ ರಜೆಗೂ ನೀನು ಮನೆಗೆ ಬರಲಿಲ್ಲ. ನಾವೇ ಹೋಗಿ ಶೇಂಗಾ ಹೋಳಿಗೆ ಕೊಟ್ಟು ಬರೋಣವೆಂದು ನಿಮ್ಮಪ್ಪ ಗುಡಿಯ ಅಡುಗೆಮನೆಗೆ ರಜೆ ಹಾಕಿದರು. ಫ್ಲೂಗರ್‌ವಿಲ್‌ವರೆಗೂ ಹಾದಿ ತುಂಬ ಗಾಡಿಗಳು. ನಿನ್ನ ಮನೆಯ ಮೆಟ್ಟಿಲು ಹತ್ತುವಾಗ ಅವರು ನಡುವೆ ಕೂತುಬಿಟ್ಟರು. ‘ನೀ ಮುಂದ ನಡಿ, ಡಬ್ಬಿ ನಾ ತರ್ತೀನಿ’ ಅಂದರು. ನಾನೊಬ್ಬಳೇ ಬಂದು ಬಾಗಿಲು ತಳ್ಳಿದೆ.

ಹಾಡಹಗಲು ಪರದೆ ಎಳೆದು ಕತ್ತಲೆ ಮಾಡಿದ್ದಿರಿ. ನೆಲದ ಮೇಲೆ ಏಳೆಂಟು ಹುಡುಗ ಹುಡುಗಿಯರು ಒಬ್ಬರಿಗೊಬ್ಬರು ಆತುಕೊಂಡು ಬಿಕ್ಕಿ ಬಿಕ್ಕಿ ಅಳುತ್ತಿದ್ದರು. ಆ ಗಡ್ಡದ ಹುಡುಗ ಆಶ್ರಿತ್ ಕೂಡ. ‘ಯಾರಿಗೇನಾತು?’ ಎಂದೆ. ನಿನ್ನ ಜೊತೆ ಇರುವ ಪ್ರಗತಿ ಮೂಗು ಒರೆಸಿಕೊಂಡು, ‘ಇಸಾಮು, ಆಂಟಿ... ಅವನ ಬೋಟ್ ವಾಪಸ್ ಬರ್ಲೇ ಇಲ್ಲ’ ಅಂದಳು.

‘ಯಾವ ಊರಿನ ಹುಡುಗನವಾ? ಅವರವ್ವಗ ತಿಳಿಸ್ಯಾರೇನು?’ ಎಂದು ಕೇಳಿದೆ.

ಯಾರೋ ಅಳುತ್ತಲೇ ನಕ್ಕರು. ಆಗ ಟಿ.ವಿ. ಕಡೆ ನೋಡಿದೆ. ಕೈಯಿಂದ ಬರೆದ ಚಿತ್ರ. ಜಪಾನಿನ ಕಾರ್ಟೂನು. ಕಾರ್ಟೂನ್ ಅನ್ನಬಾರದು, ಅನಿಮೆ ಅನ್ನಬೇಕು ಎಂದು ನೀನು ತಿದ್ದಿದೆ. ಆಗಲಿ, ಅನಿಮೆ. ಅದನ್ನು ನೋಡಿ ಅತ್ತರೆ ನಾನೇನೂ ಅನ್ನುತ್ತಿರಲಿಲ್ಲ. ಹರಿಕಥೆ ಕೇಳಿ ನಾವೂ ಅತ್ತವರೇ.

ಆದರೆ ಪುಸ್ತಕದ ಕಪಾಟಿನ ಮೇಲೆ ಅದೇ ಹುಡುಗನ ಪಟ. ಪಟಕ್ಕೆ ಚೆಂಡುಹೂವಿನ ಹಾರ, ಪಕ್ಕದಲ್ಲಿ ಊದಿನಕಡ್ಡಿ. ಮುಂದೆ ಹಸಿರು ತಟ್ಟೆಯಲ್ಲಿ ಅನ್ನದ ಉಂಡೆ. ಉಂಡೆಯ ಮೇಲೆ ಕರಿ ಎಳ್ಳು.

ನೀನು ಯಾವ ಮನೆಯಲ್ಲಿ ಹುಟ್ಟಿದವಳು, ಶರ್ವಾಣಿ? ನಿಮ್ಮಪ್ಪ ಈ ದೇಶಕ್ಕೆ ಬಂದ ಮೇಲೆ ಎಷ್ಟು ಮಂದಿಯ ಶ್ರಾದ್ಧದ ಅಡುಗೆ ಮಾಡಿದ್ದಾರೆ! ಸಣ್ಣಾಕಿಯಿದ್ದಾಗ ಗುಡಿಯಲ್ಲಿ ಅವರ ಪಕ್ಕ ಕೂತು ನೋಡಿದ್ದೀ. ಅನ್ನ ಉಂಡೆ ಕಟ್ಟಿ ಕರಿ ಎಳ್ಳು ಹಾಕಿದರೆ ಅದು ಏನು, ಯಾರಿಗೆ ಎಂದು ನಿನಗೆ ಗೊತ್ತಿಲ್ಲವೇ? ಹೆತ್ತ ಅಪ್ಪ ಮೆಟ್ಟಿಲ ಮೇಲೆ ಕೂತಿರುವಾಗ ಮಗಳು ಒಳಗೆ ಪಿಂಡ ಇಡುತ್ತಾಳೆಯೇ?

ಅದಕ್ಕೇ ಹಾರ ಕಿತ್ತೆ. ತಟ್ಟೆಯಲ್ಲಿದ್ದದ್ದನ್ನು ಕಸದ ಡಬ್ಬಿಗೆ ಸುರಿದೆ. ನಿನ್ನ ಗೆಳೆಯರ ಮುಂದೆ ಬಾಯಿಗೆ ಬಂದದ್ದನ್ನು ಅಂದೆ. ನೀನು ಕಸದ ಡಬ್ಬಿಯನ್ನೇ ನೋಡುತ್ತ ನಿಂತೆ. ಕಡೆಗೆ, ‘ಅವ್ವಾ, ಇನ್ನ ನನಗ ಫೋನ್ ಮಾಡಬ್ಯಾಡ’ ಎಂದೆ. ನಾನು ಕೆಳಗಿಳಿದು, ಮೆಟ್ಟಿಲ ಮೇಲಿದ್ದ ನಿಮ್ಮಪ್ಪನನ್ನು ಡಬ್ಬಿಯೊಂದಿಗೆ ಹಾಗೇ ತಿರುಗಿ ಕರೆತಂದೆ.

ಅದನ್ನೂ ತಡೆದುಕೊಳ್ಳುತ್ತೇನೆ. ನನ್ನ ನಿದ್ದೆ ಕೆಡಿಸಿದ್ದು ಬೇರೆ. ತಟ್ಟೆಯಲ್ಲಿ ಇದ್ದ ಉಂಡೆಗಳು ಎರಡು. ದೋಣಿ ಬರಲಿಲ್ಲವೆಂದು ನೀವು ಅತ್ತದ್ದು ಒಬ್ಬ ಹುಡುಗನಿಗೆ. ಹಾಗಾದರೆ ಎರಡನೆಯದು ಯಾರಿಗೆ?

ನಿಮ್ಮಪ್ಪಗೆ ಇದೇನೂ ಹೇಳಿಲ್ಲ. ವಾಪಸ್ ಬಂದಾಗಿನಿಂದ ಅವರಿಗೆ ಎದೆ ಹಿಡಿದ ಹಾಗೆ ಆಗುತ್ತಿದೆ. ‘ಗ್ಯಾಸು. ನಿನ್ನ ಹೋಳಿಗಿ ಪ್ರತಾಪ’ ಎಂದು ನಗುತ್ತಾರೆ. ನನಗೆ ನಗು ಬರಲಿಲ್ಲ.

ತಲೆಗೆ ಸ್ನಾನ ಮಾಡು. ರಾಯರ ಪಟದ ಮುಂದೆ ತುಪ್ಪದ ದೀಪ ಹಚ್ಚಿ ಕ್ಷಮೆ ಕೇಳು. ಕರಿ ಎಳ್ಳು ಮನೆಯಲ್ಲಿ ಉಳಿದಿದ್ದರೆ ಹೊರಗೆ ಹಾಕು. ಆಮೇಲೆ ಒಂದೇ ಒಂದು ಮಾತು ಬರೆದು ಕಳಿಸು. ಎರಡನೆಯದು ಯಾರಿಗೆ?

ಬಾಗಿಲ ಸದ್ದಿಗೂ ಹೆದರುತ್ತಿರುವ
ನಿನ್ನ ಅವ್ವ, ಗೋದಾವರಿ


ಫ್ಲೂಗರ್‌ವಿಲ್
೪ ಡಿಸೆಂಬರ್ ೨೦೨೫

ಅವ್ವಾ,

ಕಾಗದ ಬಂತು. ನಾನು ಕನ್ನಡದಲ್ಲಿ ಬರೆದು ವರ್ಷಗಳಾದವು. ತಪ್ಪಿದ್ದರೆ ಕೆಂಪು ಪೆನ್ನಿನಿಂದ ತಿದ್ದಿ ವಾಪಸ್ ಕಳಿಸು, ಧಾರವಾಡದಲ್ಲಿ ನಾಲ್ಕನೇ ಇಯತ್ತೆಯಲ್ಲಿದ್ದಾಗ ಮಾಡುತ್ತಿದ್ದೆಯಲ್ಲ, ಹಾಗೆ.

ಹಾರ ಹಾಕಿದ್ದು ನಾನು. ಚಂದ ಕಾಣಲಿ ಅಂತ ಹಾಕಿದೆ. ನೀನು ರಾಯರ ಪಟಕ್ಕೆ ದಿನಾ ಹಾಕುತ್ತೀ. ನಾನು ಯಾವತ್ತಾದರೂ ಬಂದು ಕಿತ್ತಿದ್ದೇನಾ?

ಮತ್ತು ಇಸಾಮು ಸತ್ತಿಲ್ಲ. ನೀನು ಕಥೆ ಕೇಳಲೇ ಇಲ್ಲ, ನಾನು ಹೇಳುತ್ತೇನೆ. ಒಂದು ಸಣ್ಣ ದ್ವೀಪ. ಸಮುದ್ರದಲ್ಲಿ ಹನ್ನೆರಡು ಬಂಡೆ, ಅವುಗಳ ಮೇಲೆ ಹನ್ನೆರಡು ದೀಪ. ಮೀನು ಹಿಡಿಯುವವರು ದಾರಿ ತಪ್ಪಬಾರದು ಅಂತ ಇಸಾಮು ಪ್ರತಿ ಸಂಜೆ ದೋಣಿಯಲ್ಲಿ ಹೋಗಿ ಹಚ್ಚುತ್ತಾನೆ. ಅವನ ತಂಗಿ ದಂಡೆಯಲ್ಲಿ ಕೂತು ಎಣಿಸುತ್ತಾಳೆ. ಎಂಟನೆಯ ಕಂತಿನಲ್ಲಿ ಹನ್ನೊಂದೇ ದೀಪ ಹತ್ತುತ್ತವೆ. ಅಷ್ಟೇ. ಯಾರೂ ಅಳುವುದಿಲ್ಲ, ಸಂಗೀತವೂ ಇಲ್ಲ. ಆ ಹುಡುಗಿ ಮತ್ತೆ ಒಂದರಿಂದ ಎಣಿಸಲು ಶುರು ಮಾಡುತ್ತಾಳೆ. ಅವ್ವಾ, ಆ ನೀರಿನ ಬಣ್ಣ ನೋಡಿದ್ದರೆ ನೀನೂ ಅಳುತ್ತಿದ್ದೆ.

ಪ್ರತಿ ರವಿವಾರ ನಾವು ಕೂಡಿಯೇ ನೋಡುತ್ತೇವೆ; ಆವತ್ತು ರಜೆ ಅಂತ ಎಂಟನೆಯದನ್ನು ಮತ್ತೆ ಹಾಕಿದ್ದೆವು. ಒಬ್ಬಳು ಡ್ಯಾಲಸ್‌ನಿಂದ ಡ್ರೈವ್ ಮಾಡಿಕೊಂಡು ಬರುತ್ತಾಳೆ. ಆಶ್ರಿತ್ ಹನ್ನೆರಡು ದೀಪಗಳನ್ನು ಕೈ ಮೇಲೆ ಹಚ್ಚೆ ಹಾಕಿಸಿಕೊಳ್ಳುತ್ತೇನೆ ಅಂತ ಕೂತಿದ್ದಾನೆ. ನೀನು ಹೋದ ಮೇಲೆ ಎಲ್ಲರೂ, ‘ನಿಮ್ಮಮ್ಮಂಗೆ ಎಷ್ಟು ಕೋಪ!’ ಅಂದರು. ಪ್ರಗತಿ ಮಾತ್ರ, ‘ಕೋಪ ಅಲ್ಲ ಕಣೇ, ಏನಕ್ಕೋ ಹೆದರಿದ್ರು’ ಅಂದಳು.

ಎರಡನೆಯದು ಯಾರಿಗೆ ಅಂತ ಆವತ್ತೇ ಕೇಳಿದ್ದರೆ ಹೇಳುತ್ತಿದ್ದೆ. ನೀನು ಕೇಳಲಿಲ್ಲ, ಒಗೆದೆ. ಈಗ ಹೇಳುವುದಿಲ್ಲ.

ಅಪ್ಪನದು ಗ್ಯಾಸ್ ಅಲ್ಲ. ಡಾಕ್ಟರ್ ಹತ್ತಿರ ಕರಕೊಂಡು ಹೋಗು. ಕಾಗದ ಮುಟ್ಟಿದ ದಿನವೇ.

ಶರ್ವಾಣಿ


॥ ಶ್ರೀ ॥

ಪೇರ್ಲ್ಯಾಂಡ್
೧೪ ಡಿಸೆಂಬರ್ ೨೦೨೫

ಚಿ. ಶರ್ವಾಣಿಗೆ,

ನಿನ್ನ ಕಾಗದ ಕ್ಯಾರಲ್ಟನ್‌ಗೆ ಮುಟ್ಟುವಾಗ ನಾವು ಅಲ್ಲಿರಲಿಲ್ಲ. ಪಕ್ಕದ ಮನೆಯ ಸರೋಜಾ ಅದನ್ನು ಇಲ್ಲಿಗೆ ಕಳಿಸಿದಳು. ಕಡೆಯ ಸಾಲನ್ನು ಮತ್ತೆ ಮತ್ತೆ ಓದಿದೆ. ಅದು ಗ್ಯಾಸ್ ಅಲ್ಲವೆಂದು ನಿನಗೆ ಹೇಗೆ ಗೊತ್ತಿತ್ತು?

ನಿಮ್ಮಪ್ಪ ನಿನಗೆ ಫೋನಿನಲ್ಲಿ ‘ಸಣ್ಣ ಟೆಸ್ಟು’ ಎಂದಿರಬಹುದು. ಸಣ್ಣದಲ್ಲ. ಹೋದ ವಾರ ಶನಿವಾರ ಗುಡಿಯಲ್ಲಿ ಚಿತ್ರಾನ್ನಕ್ಕೆ ಒಗ್ಗರಣೆ ಹಾಕುತ್ತ ಸೌಟು ಕೈಬಿಟ್ಟು ಕೂತರು. ಹೃದಯದ ನಾಳಗಳು ಕಟ್ಟಿವೆ, ಒಂದು ಕವಾಟವೂ ಕೆಟ್ಟಿದೆ, ಎದೆ ತೆರೆಯಬೇಕು ಎಂದು ಆಸ್ಪತ್ರೆಯಲ್ಲಿ ಅಂದರು. ನನ್ನ ಸೋದರತ್ತೆಯ ಮಗ ಜಯತೀರ್ಥ ಹ್ಯೂಸ್ಟನ್‌ನಲ್ಲಿ ಡಾಕ್ಟರ್ ಇದ್ದಾನಲ್ಲ, ಅವನೇ ಇಲ್ಲಿಗೆ ಕರೆಸಿ ವ್ಯವಸ್ಥೆ ಮಾಡಿದ. ಎದೆಯಲ್ಲಿ ಕಫದ ಸೋಂಕಿದೆ. ಅದು ಇಳಿಯದೆ ಆಪರೇಷನ್ ಮಾಡುವಂತಿಲ್ಲವಂತೆ. ಜನವರಿ ಹನ್ನೆರಡು ಎಂದು ದಿನ ಕೊಟ್ಟಿದ್ದಾರೆ. ಅಲ್ಲಿಯವರೆಗೆ ದೂರ ಹೋಗಬೇಡಿ ಎಂದದ್ದಕ್ಕೆ ದಾಕ್ಷಾಯಣಿಯ ಮನೆಯಲ್ಲಿ ಇದ್ದೇವೆ. ನಾನೂ ಅವಳೂ ಒಂದೇ ಊರಿನವರು, ಅಕ್ಕನಂಥವಳು, ಮುಖ ಕಿರಿದು ಮಾಡದೆ ನೋಡಿಕೊಳ್ಳುತ್ತಾಳೆ. ಬೆಳಿಗ್ಗೆ ಮೀನಾಕ್ಷಿ ಗುಡಿಗೆ ಹೋಗಿ ಬರುತ್ತೇನೆ. ದೇವಿಯ ಮುಂದೆ ನಿಂತರೂ ಕಣ್ಣಿಗೆ ಬರುವುದು ಆ ಹಸಿರು ತಟ್ಟೆ.

ಇನ್ನು ಮುಂದಿನದನ್ನು ಬರೆಯಲು ಎರಡು ದಿನ ಪೆನ್ನು ಹಿಡಿದು ಬಿಟ್ಟಿದ್ದೇನೆ.

ನೀನು ಈಗ ಬರಬೇಡ.

ಡ್ಯಾಲಸ್ ಗುಡಿಯ ಮಧ್ವೇಶಾಚಾರ್ಯರಿಗೆ ಫೋನ್ ಮಾಡಿ ಕೇಳಿದೆ. ‘ಚಿತ್ರದ ಗೊಂಬಿಗೆ ಇಟ್ಟದ್ದು ಪಿಂಡ ಹೆಂಗ ಆಗ್ತದರೀ ಗೋದಾಬಾಯಿ? ಹುಡುಗರ ಆಟ ಅದು, ಬಿಡ್ರಿ’ ಎಂದು ನಕ್ಕರು. ಅವರಿಗೆ ಒಂದು ಉಂಡೆಯ ವಿಷಯವಷ್ಟೇ ಹೇಳಿದ್ದೆ. ಎರಡನೆಯದರ ವಿಷಯ ಹೇಳಲು ನಾಲಿಗೆ ಏಳಲಿಲ್ಲ. ಹೇಳಿದ ಮೇಲೆ ಅವರು ನಗದೆ ಹೋದರೆ?

ನೀನು ಯಾರಿಗೆ ಇಟ್ಟೆ ಎಂದು ಹೇಳುತ್ತಿಲ್ಲ. ನೀನು ಇಟ್ಟ ದಿನವೇ ಅವರ ಎದೆ ಹಿಡಿಯಿತು. ಆ ಕೈಯಿಂದ ನೀನು ಅವರ ಹಣೆ ಮುಟ್ಟುವುದು ಬೇಡ. ಹೆತ್ತವಳು ಇಂಥದ್ದನ್ನು ಬರೆಯಬಾರದು. ಬರೆದಿದ್ದೇನೆ. ಆಪರೇಷನ್ ಸುಸೂತ್ರವಾಗಿ ಮುಗಿಯಲಿ, ನಾನೇ ಕರೆಯುತ್ತೇನೆ. ಅವರು ದಿನಾ ನಿನ್ನನ್ನು ಕೇಳುತ್ತಾರೆ. ಪರೀಕ್ಷೆ ಇದೆ, ಬರಲಾಗುವುದಿಲ್ಲ ಎಂದಿದ್ದೇನೆ.

ಮತ್ತೊಂದು ಹೆದರಿಕೆ. ನಿನ್ನೆ ಔಷಧ ಕೊಡಲು ಕೋಣೆಗೆ ಹೋದರೆ ನಿಮ್ಮಪ್ಪ ಕಿವಿಗೆ ಯಂತ್ರ ಸಿಗಿಸಿಕೊಂಡು ಫೋನು ನೋಡುತ್ತ ಅಳುತ್ತಿದ್ದರು. ಎದೆ ಬೇನೆಯ ಮನುಷ್ಯ! ನಾನು ಫೋನು ಕಸಿದುಕೊಂಡೆ.

‘ಏನ ನೋಡ್ತೀರಿ?’

‘ಹುಡುಗಿ ತೋರಿಸಿದ್ದು.’

‘ಆ ದೋಣಿ ಹುಡುಗನ ಕಥಿ ಏನು?’

‘ಹೂಂ. ಅಕ್ಟೋಬರದಿಂದ ನೋಡ್ಲಿಕ್ಹತ್ತೀವಿ. ರವಿವಾರ ಅಕಿ ಅಲ್ಲಿ, ನಾ ಗುಡಿ ಅಡಿಗಿಮನ್ಯಾಗ. ಮುಗದ ಮ್ಯಾಲೆ ಫೋನಿನಾಗ ಮಾತಾಡ್ತೀವಿ.’

‘ನನಗೊಂದು ಮಾತು ಹೇಳಲಿಲ್ಲ?’

‘ಹೇಳಿದ್ರ ನೀ ಅದಕ್ಕೂ ಮಡಿ ಹಚ್ಚತಿದ್ದಿ’ ಎಂದರು. ಆಮೇಲೆ ಕೈ ಚಾಚಿದರು. ‘ಕೊಡ ಗೋದಾ. ಇನ್ನ ಎರಡು ಉಳದಾವ. ಕಡೀದು ಇಬ್ರೂ ಕೂಡೇ ನೋಡೋಣು ಅಂತ ಅಕಿಗೆ ಮಾತು ಕೊಟ್ಟೀನಿ.’

ಫೋನು ಕೊಟ್ಟೆ. ಆದರೆ ಹೇಳು, ಆ ಕಡೆಯ ಕಂತಿನಲ್ಲಿ ಹುಡುಗನಿಗೆ ಏನಾಗುತ್ತದೆ? ಕೆಟ್ಟದ್ದಾಗುವುದಿದ್ದರೆ ಇವರು ನೋಡಬಾರದು.

ಬಾ ಎನ್ನಲಾರದ
ಅವ್ವ


ಫ್ಲೂಗರ್‌ವಿಲ್
೨೨ ಡಿಸೆಂಬರ್ ೨೦೨೫

ಅವ್ವಾ,

ಶನಿವಾರ ಮಧ್ಯಾಹ್ನ ನಾನು ಪೇರ್ಲ್ಯಾಂಡ್‌ನಲ್ಲಿದ್ದೆ.

ದಾಕ್ಷಾಯಣಿ ಆಂಟಿಯ ಮನೆಯ ಎದುರು ಕಾರು ನಿಲ್ಲಿಸಿದ್ದೆ. ಅಪ್ಪ ಕಿಟಕಿಯ ಹತ್ತಿರ ಶಾಲು ಹೊದ್ದು ಕೂತಿದ್ದರು, ನೀನು ಅವರ ಕಾಲಿಗೆ ಎಣ್ಣೆ ತಿಕ್ಕುತ್ತಿದ್ದೆ. ಅವರು ಎಷ್ಟು ಸಣ್ಣ ಆಗಿದ್ದಾರೆ! ಇಳಿಯಬೇಕೆಂದು ಬಾಗಿಲು ತೆರೆದೆ. ಆಮೇಲೆ ನೀನು ಬರೆದದ್ದು ನೆನಪಾಯಿತು, ‘ಆ ಕೈಯಿಂದ’ ಅಂತ. ಕಾರಿನಲ್ಲಿ ಕೂತು ನನ್ನ ಕೈ ನೋಡಿಕೊಂಡೆ. ನಿಜ ಹೇಳಲಾ? ನನಗೂ ಹೆದರಿಕೆ ಆಯಿತು. ನಾನು ಇದನ್ನೆಲ್ಲ ನಂಬುವುದಿಲ್ಲ. ಆದರೂ ನೀನು ಹೇಳಿದ್ದು ನಿಜ ಇದ್ದರೆ ಅನ್ನಿಸಿತು. ಬಾಗಿಲು ಹಾಕಿ ವಾಪಸ್ ಬಂದೆ. ದಾರಿಯಲ್ಲಿ ಪೆಟ್ರೋಲ್ ಬಂಕಿನಲ್ಲಿ ನಿಂತು ಅತ್ತೆ.

ಈಗ ಹೇಳುತ್ತೇನೆ. ಸಿಟ್ಟು ಮುಗಿಯಿತು.

ಆ ಅನ್ನ ಸತ್ತವರಿಗಲ್ಲ. ಇಸಾಮುವಿನ ಊರಿನಲ್ಲಿ ಮನೆಯವರು ಯಾರಾದರೂ ದೂರ ಹೋದರೆ, ಊಟದ ಹೊತ್ತಿಗೆ ಅವರ ಪಾಲು ಬಡಿಸಿ ಇಡುತ್ತಾರೆ. ಹಸಿವೆಯಾಗದೆ, ಏನೂ ಆಗದೆ ತಿರುಗಿ ಮನೆಗೆ ಬರಲಿ ಅಂತ. ಅದು ಬರಿ ಕಥೆಯಲ್ಲ, ಜಪಾನಿನಲ್ಲಿ ಹಿಂದಿನಿಂದ ಇರುವ ಪದ್ಧತಿ. ಬದುಕಿರುವವರಿಗೆ ಇಡುವುದು. ಕರಿ ಎಳ್ಳು ಅಲ್ಲಿ ಅನ್ನಕ್ಕೆ ಸುಮ್ಮನೆ ರುಚಿಗೆ ಹಾಕುತ್ತಾರೆ, ನಾವು ಚಟ್ನಿಪುಡಿ ಹಾಕಿಕೊಂಡ ಹಾಗೆ. ದೋಣಿ ಬರದೆ ಹೋದ ಮೇಲೂ ತಂಗಿ ಪ್ರತಿ ಸಂಜೆ ಇಡುತ್ತಾಳೆ. ಅದಕ್ಕೇ ಈಗ ಎಲ್ಲ ಊರಿನ ಫ್ಯಾನ್‌ಗಳು ಮನೆಯಲ್ಲಿ ಇಡುತ್ತಿದ್ದಾರೆ. ನಿನ್ನೆ ಕಡೆಯ ಕಂತು ಬಂತು. ಆಸ್ಟಿನ್‌ನ ಕೆರೆಯ ದಂಡೆಯಲ್ಲಿ ನೂರಾರು ಜನ ಕಾಗದದ ದೀಪ, ಅನ್ನದ ಉಂಡೆ ಇಟ್ಟುಕೊಂಡು ಕೂತಿದ್ದರು. ಅಜ್ಜಿ ಒಬ್ಬಳು ಮೊಮ್ಮಗನ ಜೊತೆ ಬಂದಿದ್ದಳು. ಪರದೆ ಹತ್ತುವುದಕ್ಕೆ ಮೊದಲೇ ನಾನು ಎದ್ದು ಬಂದೆ. ಅಪ್ಪನ ಜೊತೆ ನೋಡುತ್ತೇನೆ ಅಂತ ಮಾತಾಗಿದೆ. ಏನಾಯಿತು ಅಂತ ಹೇಳಬೇಡಿ ಎಂದು ಎಲ್ಲರಿಗೂ ಹೇಳಿಟ್ಟಿದ್ದೇನೆ. ಹಾಗಾಗಿ ನಿನ್ನ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇಲ್ಲ.

ಎರಡನೆಯದು ಅಪ್ಪನಿಗೆ.

ನವೆಂಬರಿನಲ್ಲೇ ಅವರು ನನಗೆ ಹೇಳಿದ್ದರು, ಮೆಟ್ಟಿಲು ಹತ್ತಿದರೆ ಎದೆ ಹಿಂಡಿದ ಹಾಗೆ ಆಗುತ್ತದೆ ಅಂತ. ‘ನಿಮ್ಮವ್ವಗ ಹೇಳಬ್ಯಾಡ, ಹೆದರತಾಳ’ ಅಂದರು. ನಾನು ಹೇಳಲಿಲ್ಲ. ಏನು ಮಾಡಬೇಕೆಂದು ತಿಳಿಯದೆ ಅವರ ಪಾಲು ಇಟ್ಟೆ. ಅಪ್ಪ ಎಲ್ಲಿಗೂ ಹೋಗಬಾರದು, ಹೋದರೂ ತಿರುಗಿ ಬರಬೇಕು ಅಂತ.

ಅದನ್ನು ನೀನು ಕಸಕ್ಕೆ ಹಾಕಿದೆ. ಅಪ್ಪ ಮೆಟ್ಟಿಲ ಮೇಲೆ ಇದ್ದರು.

ನಾನು ಬರಲಾ?

ಶರ್ವಾಣಿ


॥ ಶ್ರೀ ॥

ಪೇರ್ಲ್ಯಾಂಡ್
೨೭ ಡಿಸೆಂಬರ್ ೨೦೨೫

ನನ್ನವ್ವಾ, ಶರ್ವಾಣೀ,

ಬಾ. ಇದೊಂದು ಮಾತು ಮೊದಲು ಬರೆದು ಆಮೇಲೆ ಉಳಿದದ್ದು.

ನಿನ್ನ ಕಾಗದವನ್ನು ದೇವರ ಮನೆಯಲ್ಲಿ ನಿಂತು ಓದಿದೆ. ಓದಿ ಅಲ್ಲೇ ಕುಸಿದು ಕೂತೆ. ದಾಕ್ಷಾಯಣಿ ಓಡಿ ಬಂದು, ‘ಏನಾತ ಗೋದಾ, ಬಿ.ಪಿ. ಏನು?’ ಎಂದು ನೀರು ಕುಡಿಸಿದಳು. ಇಷ್ಟು ದಿನ, ಮಗಳು ಅಪ್ಪನಿಗೆ ಪಿಂಡ ಇಟ್ಟಳು ಎಂದು ಹೆದರಿದ್ದೆ. ಈಗ ಅದಕ್ಕಿಂತ ದೊಡ್ಡ ಹೆದರಿಕೆ ಎದುರಿಗೆ ಬಂದು ನಿಂತಿದೆ. ತಿರುಗಿ ಬರಲಿ ಎಂದು ಇಟ್ಟ ಅನ್ನವನ್ನು, ಇದೇ ಕೈಯಿಂದ, ಅವರು ಹೊಸ್ತಿಲ ಹತ್ತಿರ ಇರುವಾಗಲೇ ಸುರಿದುಬಿಟ್ಟೆನಲ್ಲ. ಹೀಗಿರುವಾಗ ಯಾರ ಕೈ ಅವರನ್ನು ಮುಟ್ಟಬಾರದು, ಹೇಳು.

ನಿನಗೆ ಒಂದು ಮಾತು ತಿಳಿಸಬೇಕು. ನಮ್ಮಪ್ಪ, ನಿನ್ನ ಅಜ್ಜ, ವಸ್ತಿ ಬಸ್ಸಿನ ಡ್ರೈವರ್ ಇದ್ದರು. ಸಂಜೆ ಹೋದವರು ಬೇರೆ ಊರಿನಲ್ಲಿ ವಸ್ತಿ ಇದ್ದು ಮರುದಿನ ಬರುವವರು. ನಮ್ಮವ್ವ ಭಕ್ರಿಯ ಬುಟ್ಟಿಯನ್ನು ಎಂದೂ ಬರಿದು ಮಾಡುತ್ತಿರಲಿಲ್ಲ. ನಾವು ಎಷ್ಟು ಹಸಿದರೂ ಒಂದು ಭಕ್ರಿ ಬಟ್ಟೆಯೊಳಗೆ ಉಳಿಯಬೇಕು. ಒಂದು ಮಳೆಗಾಲ ಹಳ್ಳ ಬಂದು ಬಸ್ಸಿನ ಸುದ್ದಿಯೇ ಇರಲಿಲ್ಲ. ನನ್ನ ತಮ್ಮ ಆ ಭಕ್ರಿಗೆ ಕೈ ಹಾಕಿದ. ಅವ್ವ ಅವನಿಗೆ ಹೊಡೆಯಲಿಲ್ಲ. ಕೈ ಹಿಡಿದುಕೊಂಡು, ‘ಬ್ಯಾಡೋ, ಅದು ಬರೋರದು’ ಎಂದಳು. ಅದಕ್ಕೆ ಯಾವ ಶಾಸ್ತ್ರದ ಹೆಸರೂ ಇರಲಿಲ್ಲ. ನಿನ್ನ ಜಪಾನಿನ ಹುಡುಗಿ ಮಾಡುವುದು ಅದನ್ನೇ. ನನಗೆ ಗೊತ್ತಿದ್ದ ವಿಷಯವೇ. ಎಳ್ಳು ಕಂಡದ್ದೇ ತಡ, ಕಣ್ಣಿಗೆ ಪರದೆ ಬಿತ್ತು.

ಮೊನ್ನೆ ರಕ್ತ ಪರೀಕ್ಷೆಗೆ ಹೋದಾಗ ಒಂದು ಸಂಗತಿ ನಡೆಯಿತು. ನರ್ಸು ಫಿಲಿಪೀನ್ಸಿನವಳು. ನಿಮ್ಮಪ್ಪನ ಫೋನಿನಲ್ಲಿ ಆ ದೋಣಿಯ ಚಿತ್ರ ಕಂಡು ‘ಓ’ ಎಂದು ಕೂಗಿ, ತನ್ನ ಕೊರಳಿಗೆ ನೇತುಹಾಕಿದ್ದ ಹೆಸರಿನ ಬಿಲ್ಲೆ ತಿರುಗಿಸಿ ತೋರಿಸಿದಳು. ಅದರ ಹಿಂದೆ ಪುಟ್ಟ ದೀಪದ ಪಿನ್ನು. ಅವಳಿಗೆ ಕನ್ನಡ ಬಾರದು, ಇವರಿಗೆ ಗುಡಿಯ ಇಂಗ್ಲಿಷು. ಆದರೂ ಇಬ್ಬರೂ ಮಾತಾಡಿದ್ದೇ ಮಾತಾಡಿದ್ದು. ಇವರು ಎರಡೂ ಕಿವಿ ಮುಚ್ಚಿಕೊಂಡು, ‘ನೋ ಲಾಸ್ಟ್, ನೋ ಲಾಸ್ಟ್! ಮೈ ಡಾಟರ್ ಕಮಿಂಗ್’ ಎಂದರು. ಅವಳು ನಗುತ್ತ ಬಾಯಿಗೆ ಬೆರಳಿಟ್ಟುಕೊಂಡಳು. ಹೋಗುವಾಗ ಗೋಡೆಯ ಬಿಳಿ ಹಲಗೆಯ ಮೇಲೆ ಒಂದು ದೀಪ ಬರೆದು ಹೋದಳು.

ನೀನು ಬರುತ್ತೀ ಎಂದು ಅವರು ಆಗಲೇ ನಂಬಿದ್ದಾರೆ. ನಾನು ಹೇಳಿದ ಪರೀಕ್ಷೆಯ ಸುಳ್ಳನ್ನು ಅವರು ಒಂದು ದಿನವೂ ನಂಬಲಿಲ್ಲವಂತೆ. ‘ತಾಯಿ ಮಗಳು ಮಾತು ಬಿಟ್ಟೀರಿ ಅಂತ ನನಗ ತಿಳೀತದ. ಎದಿ ಕೆಟ್ಟದ, ತಲಿ ಕೆಟ್ಟಿಲ್ಲ’ ಎಂದರು.

ನಿನ್ನೆ ಅಂಗಡಿಗೆ ಹೋಗಿದ್ದೆ, ಅವರ ಪಾಲು ಇಡಬೇಕೆಂದು. ಕರಿ ಎಳ್ಳಿನ ಪಾಕೀಟಿನ ಮುಂದೆ ನಿಂತೆ. ಎಷ್ಟು ಹೊತ್ತು ನಿಂತರೂ ಕೈ ಮುಂದೆ ಹೋಗಲಿಲ್ಲ. ಐವತ್ತು ವರ್ಷದ ಹೆದರಿಕೆ, ಒಂದು ಕಾಗದದಿಂದ ಹೋಗುವುದಿಲ್ಲ ಮಗಳೇ. ಬಿಳಿ ಎಳ್ಳು ತಂದೆ. ಸಂಕ್ರಾಂತಿಗೆ ಕುಸುರೆಳ್ಳು ಮಾಡುತ್ತೇನೆ ಎಂದು ದಾಕ್ಷಾಯಣಿಗೆ ಹೇಳಿದೆ. ಸಕ್ಕರೆ ಪಾಕ ಹಾಕಿ ಹಾಕಿ ಕೈಯಿಂದ ಆಡಿಸುತ್ತಿದ್ದರೆ ಎಳ್ಳಿಗೆ ಮುಳ್ಳು ಬರುತ್ತದೆ, ಮನಸ್ಸು ಬೇರೆ ಕಡೆ ಹೋಗುವುದಿಲ್ಲ.

ನೀನು ಬರುವಾಗ ಆ ಹಸಿರು ತಟ್ಟೆ ತಾ. ಉಂಡೆ ಕಟ್ಟುವುದನ್ನು ನನಗೆ ತೋರಿಸು. ಎಳ್ಳಿನ ಮಾತು ಆಮೇಲೆ ನೋಡೋಣ.

ಗಾಡಿ ನಿಧಾನ ಓಡಿಸು. ಮುಟ್ಟುವವರೆಗೆ ನಿನ್ನ ಪಾಲು ಮುಚ್ಚಿಟ್ಟಿರುತ್ತೇನೆ.

ಹಾದಿ ನೋಡುತ್ತಿರುವ
ಅವ್ವ


॥ ಶ್ರೀ ॥

ಪೇರ್ಲ್ಯಾಂಡ್
೧೪ ಜನವರಿ ೨೦೨೬, ಸಂಕ್ರಾಂತಿ

ಶರ್ವಾಣೀ,

ದಾಕ್ಷಾಯಣಿಯ ಯಜಮಾನರು ಆಸ್ಪತ್ರೆಗೆ ಹೊರಟಿದ್ದಾರೆ, ಅವರ ಕೈಯಲ್ಲಿ ಡಬ್ಬಿ ಕಳಿಸಿದ್ದೇನೆ. ಮುಚ್ಚಳದೊಳಗೆ ಈ ಚೀಟಿ. ಹಸಿದು ಕೂತಿರಬೇಡ. ಹುಗ್ಗಿ ಬಿಸಿಯಿರುವಾಗಲೇ ಎರಡು ತುತ್ತು ತಿನ್ನು. ಅವರ ಹಾಸಿಗೆಯ ಹತ್ತಿರ ಒಬ್ಬರನ್ನೇ ಬಿಡುತ್ತಾರೆಂದು ನಿನ್ನನ್ನು ಕೂರಿಸಿ ಬಂದೆ. ಬಂದಾಗಿನಿಂದ ಕಿವಿಯೆಲ್ಲ ಫೋನಿನ ಕಡೆಯೇ. ಅದು ಸದ್ದಾದರೂ ಹೆದರಿಕೆ, ಸದ್ದಾಗದಿದ್ದರೂ ಹೆದರಿಕೆ. ಆದ್ದರಿಂದ ನೀನು ಫೋನ್ ಮಾಡಬೇಡ. ಏನಿದ್ದರೂ ಈ ಚೀಟಿಯ ಹಿಂದೆ ಬರೆದು ಡಬ್ಬಿಯಲ್ಲಿ ಇಡು.

ಆಪರೇಷನ್ ಆದ ದಿನವೇ ಎಚ್ಚರ ಬರುತ್ತದೆ ಎಂದಿದ್ದರು. ಬರಲಿಲ್ಲ. ‘ಕೆಲವರಿಗೆ ತಡ ಆಗ್ತದ ಗೋದಕ್ಕಾ’ ಎಂದು ಜಯತೀರ್ಥ ಹೇಳುತ್ತಾನೆ, ಹೇಳುವಾಗ ನನ್ನ ಮುಖ ನೋಡುವುದಿಲ್ಲ. ಇವತ್ತು ಬಾಯಿಯ ನಳಿಗೆ ತೆಗೆಯುತ್ತಾರಂತೆ. ತೆಗೆದ ಮೇಲೆ ಉಸಿರು ಅವರದೇ. ಅಷ್ಟೇ ಗೊತ್ತು ನನಗೆ.

ನೀನು ತೋರಿಸಿದ ಹಾಗೆ ಕೈ ಒದ್ದೆ ಮಾಡಿಕೊಂಡು, ಉಪ್ಪು ಸವರಿ, ಎರಡು ಉಂಡೆ ಕಟ್ಟಿದೆ. ಒಂದು ಆ ಹುಡುಗನಿಗೆ. ಅವನ ಗತಿ ಏನಾಯಿತೋ ನಮಗಿನ್ನೂ ತಿಳಿಯದು, ಬಿಟ್ಟರೆ ಹೇಗೆ? ಇನ್ನೊಂದು ಇವರಿಗೆ. ನೀನು ತಂದ ಪೊಟ್ಟಣ ಬಿಚ್ಚಿ ಕರಿ ಎಳ್ಳು ಹಾಕಿದೆ. ಹೌದು, ನಾನೇ ಹಾಕಿದೆ. ಹಾಕುವಾಗ ರಾಯರ ಹೆಸರು ಹೇಳುತ್ತಿದ್ದೆ. ಒಂದಿಷ್ಟು ತಟ್ಟೆಯ ಹೊರಗೂ ಬಿದ್ದವು. ದಾಕ್ಷಾಯಣಿ ಬಂದು ನೋಡಿ ಬಿಳಿಚಿಕೊಂಡಳು. ‘ಹಬ್ಬದ ದಿನ ಏನಿದು, ಹುಚ್ಚೀ! ಯಾರಿಗಿದು?’ ಎಂದಳು. ‘ಊಟಕ್ಕ ಬರೋರಿಗೆ’ ಎಂದೆ.

ಅವಳು ಕಸಬರಿಗೆ ತರಲಿಲ್ಲ. ದೀಪಕ್ಕೆ ಎಣ್ಣೆ ಹಾಕಿ ಹೋದಳು.

ಕುಸುರೆಳ್ಳಿಗೆ ಇನ್ನೂ ಮುಳ್ಳು ಸರಿಯಾಗಿ ಬಂದಿಲ್ಲ. ಒಂದು ಚಿಟಿಕೆ ಡಬ್ಬಿಯಲ್ಲಿಟ್ಟಿದ್ದೇನೆ, ಬಾಯಿಗೆ ಹಾಕಿಕೋ. ಎಳ್ಳು ಬೆಲ್ಲ ತಗೊಂಡು ಎಳ್ಳು ಬೆಲ್ಲದ ಹಾಗೆ ಇರೋಣ. ಇಬ್ಬರೂ ಆಡಿದ ಮಾತು ಆಡಿಯಾಯಿತು.

ಅವರ ಕಿವಿಯಲ್ಲಿ ಹೇಳು, ಕಡೆಯ ಕಂತು ಬಾಕಿ ಇದೆ ಎಂದು. ನನ್ನನ್ನೂ ಕರೆಯಬೇಕೆಂದು ಹೇಳು. ನಾನು ಮಡಿ ಹಚ್ಚುವುದಿಲ್ಲ.

ತಟ್ಟೆಯ ಮುಂದೆ ಕೂತಿರುವ
ಅವ್ವ


(ಅದೇ ಚೀಟಿಯ ಹಿಂದೆ)

ಅವ್ವಾ,

ನಳಿಗೆ ತೆಗೆದರು. ಉಸಿರು ಅಪ್ಪನದೇ. ನಾನು ಎದೆಯನ್ನೇ ನೋಡುತ್ತ ಕೂತಿದ್ದೆ, ಏಳುವುದು, ಇಳಿಯುವುದು. ಎಣಿಸಿ ತಪ್ಪಿದಾಗೆಲ್ಲ ಮತ್ತೆ ಒಂದರಿಂದ ಎಣಿಸಿದೆ.

ಆಮೇಲೆ ಕಣ್ಣು ತೆರೆದರು. ನನ್ನನ್ನು ಗುರುತು ಹಿಡಿದರೋ ಇಲ್ಲವೋ ತಿಳಿಯಲಿಲ್ಲ. ತುಟಿ ಅಲುಗಿತು, ಸದ್ದು ಬರಲಿಲ್ಲ. ನಾನು ಅವರ ಹಣೆ ಮುಟ್ಟಿ, ಬಾಯಿಯ ಹತ್ತಿರ ಕಿವಿ ಇಟ್ಟೆ.

‘ನನ್ನ ಪಾಲು ಇಟ್ಟೀರೇನು?’ ಅಂದರು.

ಇಟ್ಟೀವಿ ಅಂದೆ. ಮತ್ತೆ ಕಣ್ಣು ಮುಚ್ಚಿದ್ದಾರೆ. ಇವತ್ತಿನ ರಾತ್ರಿ ದಾಟಬೇಕು ಅಂತಾರೆ ಡಾಕ್ಟರ್.

ತಟ್ಟೆ ತೆಗೆಯಬೇಡ, ಅವ್ವಾ.

ಶರ್ವಾಣಿ